ಹಳೆಯ ವಿಡಿಯೊ ಕ್ಯಾಸೆಟ್‌ಗಳ ಡಿಜಿಟಲೀಕರಣ: ಗಣಕಯಂತ್ರದಲ್ಲಿ ವಿಡಿಯೊ ಕ್ಯಾಪ್ಚರ್ ಕಾರ್ಡ್ ಅಳವಡಿಕೆ ಮತ್ತು ಬಳಕೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

1980ರ ದಶಕದಿಂದ 2000ದ ದಶಕದ ಆರಂಭದವರೆಗೆ ರಾಜ್ಯದ ಅನೇಕ ಕುಟುಂಬಗಳು ಮದುವೆ, ನಾಮಕರಣ, ಗೃಹಪ್ರವೇಶ ಮುಂತಾದ ಶುಭ ಸಮಾರಂಭಗಳನ್ನು ವಿ.ಎಚ್.ಎಸ್. ಕ್ಯಾಸೆಟ್‌ಗಳಲ್ಲಿ ಚಿತ್ರೀಕರಿಸಿಕೊಂಡಿವೆ. ಯಕ್ಷಗಾನ, ನಾಟಕ, ಸಂಗೀತ ಕಛೇರಿ, ಜಾತ್ರೆ, ಶಾಲಾ ವಾರ್ಷಿಕೋತ್ಸವಗಳ ಚಿತ್ರಣಗಳು ಸಂಘ ಸಂಸ್ಥೆಗಳ ಕಪಾಟುಗಳಲ್ಲಿ ಇದೇ ರೂಪದಲ್ಲಿ ಉಳಿದಿವೆ. ಬಹುತೇಕ ಸಂದರ್ಭಗಳಲ್ಲಿ ಇವುಗಳಿಗೆ ಬೇರೆ ಪ್ರತಿ ಇರುವುದಿಲ್ಲ.

ಈ ಕ್ಯಾಸೆಟ್‌ಗಳಿಗೆ ಎರಡು ಕಡೆಯಿಂದ ಅಪಾಯವಿದೆ. ಮೊದಲನೆಯದಾಗಿ, ಕಾಂತೀಯ ಕಣಗಳನ್ನು ಪ್ಲಾಸ್ಟಿಕ್ ಪಟ್ಟಿಗೆ ಹಿಡಿದಿಡುವ ಅಂಟು ದ್ರವ್ಯವು ಗಾಳಿಯ ತೇವಾಂಶದಿಂದ ಕ್ರಮೇಣ ಶಿಥಿಲವಾಗುತ್ತದೆ. ಎರಡನೆಯದಾಗಿ, ಕ್ಯಾಸೆಟ್ ಚಲಾಯಿಸುವ ಯಂತ್ರಗಳೇ ಇಲ್ಲವಾಗುತ್ತಿವೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನೈ 2016ರ ಜುಲೈ ತಿಂಗಳಿನಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಗಾರವು ಕಾಂತೀಯ ಟೇಪುಗಳ ಡಿಜಿಟಲೀಕರಣಕ್ಕೆ 2025ನೇ ಇಸವಿಯನ್ನು ಗಡುವೆಂದು 2015ರಲ್ಲಿಯೇ ಎಚ್ಚರಿಸಿತ್ತು.

ಪ್ರತಿ ಬಾರಿ ಚಲಾಯಿಸಿದಾಗಲೂ ಟೇಪು ಸ್ವಲ್ಪಮಟ್ಟಿಗೆ ಸವೆಯುತ್ತದೆ. ಶಿಥಿಲಗೊಂಡ ಟೇಪಿನ ವಿಷಯದಲ್ಲಿ ಉತ್ತಮವಾದ ಒಂದು ಚಾಲನೆ ಮಾತ್ರ ಉಳಿದಿರಲೂ ಸಾಧ್ಯ. ಆದುದರಿಂದ ಎಲ್ಲ ಸಿದ್ಧತೆಯನ್ನು ಮೊದಲೇ ಪೂರ್ಣಗೊಳಿಸಿ, ಒಂದೇ ಚಾಲನೆಯಲ್ಲಿ, ಸಾಧ್ಯವಾದ ಅತ್ಯುತ್ತಮ ಗುಣಮಟ್ಟದಲ್ಲಿ ಪ್ರತಿ ಪಡೆಯುವುದೇ ಈ ಕಾರ್ಯದ ಮುಖ್ಯ ನಿಯಮವಾಗಿದೆ. ಕೆಳಗಿನ ವಿವರಗಳನ್ನು ಈ ನಿಯಮಕ್ಕನುಸಾರವಾಗಿ ನೀಡಲಾಗಿದೆ.

2. ವಿಡಿಯೊ ಕ್ಯಾಪ್ಚರ್ ಕಾರ್ಡ್ ಎಂದರೇನು?

ವಿ.ಸಿ.ಆರ್.ನಿಂದ ಹೊರಬರುವ ಚಿತ್ರವು ಏರಿಳಿಯುವ ವಿದ್ಯುತ್ ಸಂಕೇತದ, ಅಂದರೆ ಅನಲಾಗ್ ಸಂಕೇತದ ರೂಪದಲ್ಲಿರುತ್ತದೆ. ಗಣಕಯಂತ್ರವು ಅಂಕಿಗಳನ್ನು ಮಾತ್ರ ಗ್ರಹಿಸಬಲ್ಲದು. ಈ ಸಂಕೇತವನ್ನು ನಿಗದಿತ ಕಾಲಾಂತರದಲ್ಲಿ ಅಳೆದು ಅಂಕಿಗಳಾಗಿ ಪರಿವರ್ತಿಸಿ ಗಣಕಯಂತ್ರಕ್ಕೆ ಒದಗಿಸುವ ಸಾಧನವೇ ವಿಡಿಯೊ ಕ್ಯಾಪ್ಚರ್ ಕಾರ್ಡ್.

ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಪ್ರತಿ ಚಿತ್ರ ಚೌಕಟ್ಟಿಗೆ 625 ಗೆರೆಗಳಿದ್ದು, ಅವುಗಳ ಪೈಕಿ 576 ಗೆರೆಗಳು ದೃಶ್ಯವನ್ನು ಹೊಂದಿರುತ್ತವೆ. ಸೆಕೆಂಡಿಗೆ 25 ಚೌಕಟ್ಟುಗಳಿದ್ದು, ಪ್ರತಿಯೊಂದನ್ನೂ ಸಮ ಗೆರೆಗಳ ಮತ್ತು ಬೆಸ ಗೆರೆಗಳ ಎರಡು ಅರ್ಧಚಿತ್ರಗಳಾಗಿ ರವಾನಿಸಲಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.601 ಶಿಫಾರಸಿನಂತೆ ಈ ಚಿತ್ರವನ್ನು ಗೆರೆಗೆ 720 ಬಿಂದುಗಳಂತೆ ಅಳೆಯಲಾಗುತ್ತದೆ. ಆದ್ದರಿಂದಲೇ ಪಾಲ್ ಕ್ಯಾಸೆಟ್‌ನ ಡಿಜಿಟಲ್ ಪ್ರತಿಯ ಅಳತೆ 720×576 ಆಗಿರುತ್ತದೆ.

3. ಕಾರ್ಡಿನ ಆಯ್ಕೆ

ಕಾರ್ಡ್ ಖರೀದಿಸುವ ಮುನ್ನ ಕೆಳಗಿನ ಅಂಶಗಳನ್ನು ಪರಿಶೀಲಿಸತಕ್ಕದ್ದು.

(ಅ) ಒಳಹರಿವಿನ ಬಗೆ: ಕಾರ್ಡಿನಲ್ಲಿ ಹಳದಿ ಬಣ್ಣದ ಕಾಂಪೊಸಿಟ್ ಅಥವಾ ನಾಲ್ಕು ಪಿನ್ನುಗಳ ಎಸ್-ವಿಡಿಯೊ ಒಳಹರಿವು ಇರಬೇಕು. ಮಾರುಕಟ್ಟೆಯಲ್ಲಿ ಈಗ ದೊರೆಯುವ ಹೆಚ್ಚಿನ ಕಾರ್ಡುಗಳು ಎಚ್‌ಡಿಎಂಐ ಒಳಹರಿವನ್ನು ಮಾತ್ರ ಹೊಂದಿದ್ದು, ವಿ.ಸಿ.ಆರ್.ಗೆ ನೇರವಾಗಿ ಹೊಂದುವುದಿಲ್ಲ. ನಡುವೆ ಪರಿವರ್ತಕವನ್ನು ಬಳಸಿದಲ್ಲಿ ಅದು ಚಿತ್ರದ ಅಳತೆಯನ್ನು ಬದಲಿಸಿ ಅರ್ಧಚಿತ್ರಗಳನ್ನು ಬೆರೆಸುವುದರಿಂದ ಮೂಲ ಸ್ವರೂಪವು ನಷ್ಟವಾಗುತ್ತದೆ.

(ಆ) ಜೋಡಣೆಯ ಕಿಂಡಿ: ಹಳೆಯ ಕಾರ್ಡುಗಳು ಪಿಸಿಐ ಕಿಂಡಿಗೂ, ನಂತರದವು ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಗೂ ಹೊಂದುತ್ತವೆ. ಇವೆರಡೂ ಪರಸ್ಪರ ಹೊಂದುವುದಿಲ್ಲ. ಇತ್ತೀಚಿನ ಮದರ್‌ಬೋರ್ಡ್‌ಗಳಲ್ಲಿ ಪಿಸಿಐ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಅಳತೆಯ ಕಾರ್ಡನ್ನು ಅದಕ್ಕಿಂತ ಉದ್ದದ ಕಿಂಡಿಯಲ್ಲಿಯೂ ಕೂರಿಸಬಹುದು.

(ಇ) ಚಾಲಕ ತಂತ್ರಾಂಶ: ವಿಂಡೋಸ್ 11 ಕಾರ್ಯಾಚರಣಾ ವ್ಯವಸ್ಥೆಯು 64-ಬಿಟ್ ರೂಪದಲ್ಲಿ ಮಾತ್ರ ಲಭ್ಯವಿದೆ. 32-ಬಿಟ್ ಚಾಲಕ ತಂತ್ರಾಂಶವನ್ನು ಮಾತ್ರ ಹೊಂದಿರುವ ಹಳೆಯ ಕಾರ್ಡ್ ಇದರಲ್ಲಿ ಕೆಲಸ ಮಾಡುವುದಿಲ್ಲ. ಅಂತಹ ಕಾರ್ಡ್ ಈಗಾಗಲೇ ಇದ್ದಲ್ಲಿ, ಅಂತರಜಾಲ ಸಂಪರ್ಕವಿಲ್ಲದ ಪ್ರತ್ಯೇಕ ಹಳೆಯ ಗಣಕಯಂತ್ರವನ್ನು ಈ ಕಾರ್ಯಕ್ಕೆ ಮೀಸಲಿಡಬಹುದು. ಬಿಟಿ878 ಚಿಪ್ ಹೊಂದಿರುವ ಹಳೆಯ ಟಿ.ವಿ. ಟ್ಯೂನರ್ ಕಾರ್ಡುಗಳಿಗೆ ಲಿನಕ್ಸ್‌ನಲ್ಲಿ ಚಾಲಕ ತಂತ್ರಾಂಶವು ಅಂತರ್ಗತವಾಗಿದೆ.

(ಈ) ಟೇಪಿನ ಬಗೆ: ಮಿನಿ-ಡಿವಿ ಕ್ಯಾಸೆಟ್‌ಗಳಲ್ಲಿ ಚಿತ್ರವು ಡಿಜಿಟಲ್ ರೂಪದಲ್ಲಿಯೇ ಇರುತ್ತದೆ. ಇವುಗಳಿಗೆ ಕ್ಯಾಪ್ಚರ್ ಕಾರ್ಡ್ ಅಗತ್ಯವಿಲ್ಲ. ಕ್ಯಾಮೆರಾವನ್ನು ಫೈರ್‌ವೈರ್ ಕಾರ್ಡಿನ ಮೂಲಕ ಜೋಡಿಸಿ ದತ್ತಾಂಶವನ್ನು ಇದ್ದಂತೆಯೇ ವರ್ಗಾಯಿಸತಕ್ಕದ್ದು. ಇವುಗಳನ್ನು ಹಳದಿ ತಂತಿಯ ಮೂಲಕ ಸೆರೆಹಿಡಿದಲ್ಲಿ ಅನಗತ್ಯವಾಗಿ ಗುಣಮಟ್ಟ ಕುಸಿಯುತ್ತದೆ.

4. ಗಣಕಯಂತ್ರ ಮತ್ತು ಶೇಖರಣಾ ಸ್ಥಳ

ಇಂದಿನ ಸಾಮಾನ್ಯ ಗಣಕಯಂತ್ರದ ವೇಗ ಈ ಕಾರ್ಯಕ್ಕೆ ಸಾಕಾಗುತ್ತದೆ. ಕೊರತೆಯಾಗುವುದು ಹೆಚ್ಚಾಗಿ ಶೇಖರಣಾ ಸ್ಥಳದಲ್ಲಿ. ಒಂದು ಗಂಟೆಯ ಚಿತ್ರಕ್ಕೆ ಬೇಕಾಗುವ ಸ್ಥಳದ ಅಂದಾಜು ಈ ಕೆಳಗಿನಂತಿದೆ.

- ಸಂಕುಚನವಿಲ್ಲದ ಪ್ರತಿ: ಸುಮಾರು 75 ಗಿಗಾಬೈಟ್
- ನಷ್ಟರಹಿತ ಸಂಕುಚನದ ಪ್ರತಿ (ಹಫ್‌ವೈಯುವಿ, ಎಫ್‌ಎಫ್‌ವಿ1): ಸುಮಾರು 25ರಿಂದ 40 ಗಿಗಾಬೈಟ್
- ಡಿವಿ ರೂಪದ ಪ್ರತಿ: ಸುಮಾರು 13 ಗಿಗಾಬೈಟ್
- ವೀಕ್ಷಣೆಗಾಗಿ ಎಚ್.264 ರೂಪದ ಪ್ರತಿ (ಸೆಕೆಂಡಿಗೆ 5 ಮೆಗಾಬಿಟ್): ಸುಮಾರು 2.25 ಗಿಗಾಬೈಟ್

ಇ-180 ಎಂಬ ಗುರುತಿನ ಕ್ಯಾಸೆಟ್ ಮೂರು ಗಂಟೆಗಳ ಕಾಲ ಓಡುತ್ತದೆ. ಅದರ ಸಂಕುಚನವಿಲ್ಲದ ಪ್ರತಿಗೆ ಸುಮಾರು 225 ಗಿಗಾಬೈಟ್ ಸ್ಥಳ ಬೇಕಾಗುತ್ತದೆ. ನಷ್ಟರಹಿತ ಸಂಕುಚನದಲ್ಲಿ ಚಿತ್ರದ ಯಾವ ಅಂಶವೂ ಕಳೆದುಹೋಗದಿರುವುದರಿಂದ ಅದನ್ನೇ ಆಯ್ದುಕೊಳ್ಳುವುದು ಸೂಕ್ತ.

ಕಾರ್ಯಾಚರಣಾ ವ್ಯವಸ್ಥೆ ಇರುವ ಡಿಸ್ಕ್ ಹೊರತುಪಡಿಸಿ ಬೇರೊಂದು ಡಿಸ್ಕಿಗೆ ಸೆರೆಹಿಡಿಯತಕ್ಕದ್ದು. ಆ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿರಬೇಕು. ಫ್ಯಾಟ್32 ವಿನ್ಯಾಸದಲ್ಲಿ ಒಂದು ಕಡತವು 4 ಗಿಗಾಬೈಟ್ ಮೀರಲಾಗದ ಕಾರಣ ಸೆರೆಹಿಡಿಯುವಿಕೆ ಅರ್ಧದಲ್ಲಿಯೇ ನಿಲ್ಲುತ್ತದೆ.

5. ಕ್ಯಾಸೆಟ್ ಮತ್ತು ವಿ.ಸಿ.ಆರ್. ಸಿದ್ಧತೆ

5.1 ಕ್ಯಾಸೆಟ್‌ನ ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದು ತೆಗೆಯತಕ್ಕದ್ದು. ಈ ಪಟ್ಟಿ ಇಲ್ಲದಿದ್ದಲ್ಲಿ ವಿ.ಸಿ.ಆರ್.ನ ರೆಕಾರ್ಡ್ ಗುಂಡಿಯನ್ನು ತಪ್ಪಿ ಒತ್ತಿದರೂ ಹಳೆಯ ಚಿತ್ರ ಅಳಿಸಿಹೋಗುವುದಿಲ್ಲ. ಪಟ್ಟಿಯಿದ್ದ ಜಾಗದ ಮೇಲೆ ಅಂಟುಕಾಗದ ಹಚ್ಚಿದ್ದಲ್ಲಿ ಅದನ್ನೂ ತೆಗೆಯತಕ್ಕದ್ದು.

5.2 ಕ್ಯಾಸೆಟ್‌ನ ಕಿಟಕಿಯ ಮೂಲಕ ಟೇಪಿನ ಸುರುಳಿಯನ್ನು ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು. ಕರಾವಳಿ ಮತ್ತು ಮಲೆನಾಡಿನಂತಹ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡುಬರುವುದು ಸಾಮಾನ್ಯ. ಬೂಷ್ಟು ಹಿಡಿದ ಕ್ಯಾಸೆಟ್‌ನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬಾರದು. ಅದರಿಂದ ಟೇಪು ಹರಿಯಬಹುದಲ್ಲದೆ, ಅದೇ ಯಂತ್ರದಲ್ಲಿ ನಂತರ ಹಾಕುವ ಕ್ಯಾಸೆಟ್‌ಗಳಿಗೂ ಬೂಷ್ಟು ಹರಡುತ್ತದೆ. ಅಂತಹವುಗಳನ್ನು ಬೇರ್ಪಡಿಸಿ, ಒಣಗಿದ ಸ್ಥಳದಲ್ಲಿಟ್ಟು, ಟೇಪು ಶುಚಿಗೊಳಿಸುವಲ್ಲಿ ಅನುಭವವುಳ್ಳವರಿಗೆ ಒಪ್ಪಿಸುವುದು ಸೂಕ್ತ.

5.3 ತಂಪಾದ ಸ್ಥಳದಿಂದ ತಂದ ಕ್ಯಾಸೆಟ್‌ನ್ನು ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲು ಕೆಲವು ಗಂಟೆ ಹಾಗೆಯೇ ಬಿಡತಕ್ಕದ್ದು. ಟೇಪಿನ ಮೇಲೆ ಪಸೆ ಇದ್ದಲ್ಲಿ ಅದು ಯಂತ್ರದ ಉರುಳೆಗೆ ಅಂಟಿಕೊಳ್ಳುತ್ತದೆ.

5.4 ವಿ.ಸಿ.ಆರ್. ಬಹುಕಾಲ ಬಳಕೆಯಾಗದೆ ಇದ್ದಲ್ಲಿ, ಮೊದಲು ಅಮುಖ್ಯವಾದ ಒಂದು ಕ್ಯಾಸೆಟ್ ಹಾಕಿ ಯಂತ್ರವು ಟೇಪನ್ನು ಸಿಕ್ಕಿಸಿಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಚಿತ್ರದಲ್ಲಿ ಹಿಮದಂತಹ ಚುಕ್ಕೆಗಳು ತುಂಬಿದ್ದಲ್ಲಿ ಹೆಡ್ ಶುಚಿಗೊಳಿಸಬೇಕಾಗಿರುತ್ತದೆ. ಅರಿವಿಲ್ಲದವರು ಹತ್ತಿಯಿಂದ ಹೆಡ್ ಉಜ್ಜಿದಲ್ಲಿ ಅದು ಮುರಿಯುವ ಸಂಭವವಿರುವುದರಿಂದ ತಂತ್ರಜ್ಞರ ನೆರವು ಪಡೆಯುವುದು ಒಳಿತು.

5.5 ಸಿದ್ಧತೆಯ ಬಳಿಕ ಕ್ಯಾಸೆಟ್‌ನ್ನು ಕೊನೆಯವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಪೂರ್ಣವಾಗಿ ಹಿಂದಕ್ಕೆ ಸುತ್ತತಕ್ಕದ್ದು. ಇದರಿಂದ ಸುರುಳಿಯ ಬಿಗಿ ಸಮನಾಗುತ್ತದೆ. ಟೇಪು ಮಡಚಿಕೊಂಡಿರುವುದು ಕಂಡುಬಂದಲ್ಲಿ ಅಥವಾ ಯಂತ್ರವು ಕಿರುಗುಟ್ಟಿದಲ್ಲಿ ತಕ್ಷಣ ನಿಲ್ಲಿಸತಕ್ಕದ್ದು.

6. ಕಾರ್ಡ್ ಅಳವಡಿಸುವ ಕ್ರಮ

(1) ಗಣಕಯಂತ್ರವನ್ನು ಸ್ಥಗಿತಗೊಳಿಸಿ, ವಿದ್ಯುತ್ ತಂತಿಯನ್ನು ಗೋಡೆಯ ಸಾಕೆಟ್‌ನಿಂದ ಬೇರ್ಪಡಿಸುವುದು. ನಂತರ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕುವುದು.

(2) ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟುವುದು. ಮೈಯಲ್ಲಿರುವ ಸ್ಥಿರ ವಿದ್ಯುತ್ತಿನಿಂದ ಕಾರ್ಡಿನ ಚಿಪ್‌ಗಳು ಹಾಳಾಗುವುದನ್ನು ಇದು ತಪ್ಪಿಸುತ್ತದೆ.

(3) ಖಾಲಿ ಇರುವ ಕಿಂಡಿಯ ಎದುರಿನ ಲೋಹದ ಪಟ್ಟಿಯನ್ನು ಬಿಚ್ಚುವುದು. ಗ್ರಾಫಿಕ್ಸ್ ಕಾರ್ಡಿಗೆ ತಾಗದಂತೆ ಸಾಧ್ಯವಿದ್ದಷ್ಟು ದೂರದ ಕಿಂಡಿಯನ್ನು ಆರಿಸುವುದು.

(4) ಕಾರ್ಡಿನ ಅಂಚುಗಳನ್ನು ಮಾತ್ರ ಹಿಡಿದು, ಚಿನ್ನದ ಬಣ್ಣದ ಸಂಪರ್ಕಗಳನ್ನು ಮುಟ್ಟದೆ, ನೇರವಾಗಿ ಕೆಳಕ್ಕೆ ಒತ್ತಿ ಕೂರಿಸುವುದು. ಬಲವಂತ ಮಾಡಬಾರದು. ಕೂರದಿದ್ದಲ್ಲಿ ಕಿಂಡಿಯ ಬಗೆಯನ್ನು ಮತ್ತೊಮ್ಮೆ ಪರಿಶೀಲಿಸುವುದು.

(5) ತಿರುಪು ಬಿಗಿದು, ಮುಚ್ಚಳ ಹಾಕಿ, ವಿದ್ಯುತ್ ಸಂಪರ್ಕ ನೀಡುವುದು.

(6) ತಯಾರಕರು ಒದಗಿಸಿದ ಚಾಲಕ ತಂತ್ರಾಂಶವನ್ನು ಅನುಸ್ಥಾಪಿಸಿ, ಯಂತ್ರವನ್ನು ಪುನರಾರಂಭಿಸಿ, ಸಾಧನಗಳ ಪಟ್ಟಿಯಲ್ಲಿ ಕಾರ್ಡಿನ ಹೆಸರು ಎಚ್ಚರಿಕೆಯ ಚಿಹ್ನೆಯಿಲ್ಲದೆ ಕಾಣುತ್ತಿದೆಯೇ ಎಂದು ನೋಡುವುದು.

7. ತಂತಿಗಳ ಜೋಡಣೆ

ವಿ.ಸಿ.ಆರ್.ನ ಹೊರಹರಿವಿನಿಂದ ಕಾರ್ಡಿನ ಒಳಹರಿವಿಗೆ ಹಳದಿ ತಂತಿಯನ್ನು ಚಿತ್ರಕ್ಕಾಗಿಯೂ, ಬಿಳಿ ಮತ್ತು ಕೆಂಪು ತಂತಿಗಳನ್ನು ಎಡ ಮತ್ತು ಬಲ ಧ್ವನಿಗಾಗಿಯೂ ಜೋಡಿಸತಕ್ಕದ್ದು. ಎಸ್-ವಿಎಚ್‌ಎಸ್ ಬಗೆಯ ವಿ.ಸಿ.ಆರ್. ಲಭ್ಯವಿದ್ದಲ್ಲಿ ಎಸ್-ವಿಡಿಯೊ ತಂತಿಯನ್ನು ಬಳಸುವುದು ಉತ್ತಮ. ಇದರಲ್ಲಿ ಬೆಳಕಿನ ಮತ್ತು ಬಣ್ಣದ ಸಂಕೇತಗಳು ಬೇರೆ ಬೇರೆಯಾಗಿ ಸಾಗುವುದರಿಂದ ಅಂಚುಗಳು ಸ್ಪಷ್ಟವಾಗಿರುತ್ತವೆ. ಆಂಟೆನಾ ತಂತಿಯ ಮೂಲಕ ಜೋಡಿಸುವುದು ಸೂಕ್ತವಲ್ಲ.

ವಿ.ಎಚ್.ಎಸ್. ಟೇಪಿನಿಂದ ಬರುವ ಸಂಕೇತದಲ್ಲಿ ಪ್ರತಿ ಗೆರೆಯ ಕಾಲಾವಧಿ ಅಲ್ಪಸ್ವಲ್ಪ ಏರುಪೇರಾಗುತ್ತದೆ. ಹಳೆಯ ಟಿ.ವಿ.ಗಳು ಇದನ್ನು ಸಹಿಸಿಕೊಳ್ಳುತ್ತಿದ್ದವು. ಕ್ಯಾಪ್ಚರ್ ಕಾರ್ಡ್‌ಗಳು ಸಹಿಸದೆ ಕೆಲವು ಚೌಕಟ್ಟುಗಳನ್ನು ಕೈಬಿಡುತ್ತವೆ. ಚಿತ್ರದ ಲಂಬ ಗೆರೆಗಳು ಓಲಾಡುವುದು, ಧ್ವನಿ ಮತ್ತು ತುಟಿಚಲನೆ ತಾಳೆಯಾಗದಿರುವುದು ಇದರ ಲಕ್ಷಣಗಳು. ಈ ಏರುಪೇರನ್ನು ಸರಿಪಡಿಸುವ ಸಾಧನಕ್ಕೆ ಟೈಮ್ ಬೇಸ್ ಕರೆಕ್ಟರ್ ಎಂದು ಹೆಸರು. ಉತ್ತಮ ದರ್ಜೆಯ ಕೆಲವು ವಿ.ಸಿ.ಆರ್.ಗಳಲ್ಲಿ ಇದು ಒಳಗೇ ಇರುತ್ತದೆ. ಹೊಸ ಕಾರ್ಡಿಗೆ ಹೆಚ್ಚಿನ ಹಣ ವ್ಯಯಿಸುವುದಕ್ಕಿಂತ, ಈ ಸೌಲಭ್ಯವುಳ್ಳ ಸುಸ್ಥಿತಿಯ ವಿ.ಸಿ.ಆರ್.ನ್ನು ಎರವಲು ಅಥವಾ ಬಾಡಿಗೆಗೆ ಪಡೆಯುವುದರಿಂದ ಹೆಚ್ಚು ಪ್ರಯೋಜನವಾಗುತ್ತದೆ.

8. ತಂತ್ರಾಂಶದಲ್ಲಿ ಮಾಡಬೇಕಾದ ವಿನ್ಯಾಸ

ವಿಂಡೋಸ್‌ನಲ್ಲಿ ವರ್ಚುಯಲ್‌ಡಬ್, ಲಿನಕ್ಸ್ ಮತ್ತು ಮ್ಯಾಕ್ ಗಣಕಯಂತ್ರಗಳಲ್ಲಿ ವಿರೆಕಾರ್ಡ್ ಎಂಬ ಉಚಿತ ತಂತ್ರಾಂಶಗಳು ಈ ಕಾರ್ಯಕ್ಕೆ ಲಭ್ಯವಿವೆ. ಆಯ್ದ ತಂತ್ರಾಂಶವು ತಮ್ಮಲ್ಲಿರುವ ಕಾರ್ಡಿಗೆ ಹೊಂದುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ವಿನ್ಯಾಸಗಳು ಈ ಕೆಳಗಿನಂತಿರಬೇಕು.

- ಪದ್ಧತಿ: ಪಾಲ್-ಬಿ
- ಅಳತೆ: 720×576
- ವೇಗ: ಸೆಕೆಂಡಿಗೆ 25 ಚೌಕಟ್ಟು
- ಬಣ್ಣದ ವಿನ್ಯಾಸ: 4:2:2
- ಅರ್ಧಚಿತ್ರಗಳ ಜೋಡಣೆ: ಇದ್ದಂತೆಯೇ ಉಳಿಸುವುದು
- ಧ್ವನಿ: ಸಂಕುಚನವಿಲ್ಲದ 48,000 ಹರ್ಟ್ಸ್, 16 ಬಿಟ್, ಎರಡು ವಾಹಿನಿ

ಮೊದಲು ಐದು ನಿಮಿಷಗಳ ಪರೀಕ್ಷಾ ಪ್ರತಿ ತೆಗೆಯತಕ್ಕದ್ದು. ಅದರಲ್ಲಿ ಬಿಳಿ ಪಂಚೆ, ದೀಪದ ಬೆಳಕು ಮುಂತಾದ ಹೊಳಪಿನ ಭಾಗಗಳ ವಿವರ ಅಳಿಸಿಹೋಗಿಲ್ಲವೆಂದೂ, ವಾದ್ಯಗಳ ಏರುಧ್ವನಿಯಲ್ಲಿ ಒಡಕು ಇಲ್ಲವೆಂದೂ ಖಚಿತಪಡಿಸಿಕೊಳ್ಳತಕ್ಕದ್ದು. ಸೆರೆಹಿಡಿಯುವಾಗ ಕಳೆದುಹೋದ ಹೊಳಪನ್ನಾಗಲಿ ಧ್ವನಿಯನ್ನಾಗಲಿ ನಂತರ ಯಾವ ತಂತ್ರಾಂಶದಿಂದಲೂ ಮರಳಿ ಪಡೆಯಲಾಗದು.

ಸೆರೆಹಿಡಿಯುವ ಅವಧಿಯಲ್ಲಿ ಗಣಕಯಂತ್ರದ ನಿದ್ರಾಸ್ಥಿತಿ, ಸ್ವಯಂ ನವೀಕರಣ ಮತ್ತು ವೈರಾಣು ತಪಾಸಣೆಯನ್ನು ತಡೆಹಿಡಿಯತಕ್ಕದ್ದು. ವಿದ್ಯುತ್ ಕಡಿತದ ಸಂಭವವಿರುವ ಕಡೆ ಯು.ಪಿ.ಎಸ್. ಮೂಲಕವೇ ವಿ.ಸಿ.ಆರ್. ಮತ್ತು ಗಣಕಯಂತ್ರ ಎರಡಕ್ಕೂ ವಿದ್ಯುತ್ ಒದಗಿಸುವುದು ಅಗತ್ಯ. ಟೇಪು ಉರುಳೆಗೆ ಸುತ್ತಿಕೊಂಡಿರುವಾಗ ವಿದ್ಯುತ್ ನಿಂತಲ್ಲಿ ಟೇಪಿಗೆ ಹಾನಿಯಾಗಬಹುದು.

9. ಸಾಮಾನ್ಯ ದೋಷಗಳು ಮತ್ತು ಪರಿಹಾರ

ಚಿತ್ರ ಕಪ್ಪು ಬಿಳುಪಾಗಿ ಕಾಣುವುದು: ಪದ್ಧತಿಯ ಆಯ್ಕೆ ತಪ್ಪಾಗಿರಬಹುದು, ಅಥವಾ ಕಾಂಪೊಸಿಟ್ ತಂತಿ ಜೋಡಿಸಿ ಎಸ್-ವಿಡಿಯೊ ಒಳಹರಿವನ್ನು ಆರಿಸಿರಬಹುದು.

ಚಿತ್ರದ ಕೆಳ ಅಂಚಿನಲ್ಲಿ ಕದಡಿದ ಗೆರೆಗಳು: ಇದು ಹೆಡ್‌ಗಳು ಬದಲಾಗುವ ಜಾಗವಾಗಿದ್ದು ಎಲ್ಲ ವಿ.ಎಚ್.ಎಸ್. ಟೇಪುಗಳಲ್ಲಿಯೂ ಇರುತ್ತದೆ. ಹಳೆಯ ಟಿ.ವಿ.ಯ ಅಂಚು ಇದನ್ನು ಮರೆಮಾಡುತ್ತಿತ್ತು. ದೋಷವೆಂದು ಭಾವಿಸಬೇಕಾಗಿಲ್ಲ.

ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದು: ಎರಡು ಅರ್ಧಚಿತ್ರಗಳು ಒಟ್ಟಿಗೆ ಕಾಣುವುದರಿಂದ ಹೀಗಾಗುತ್ತದೆ. ಮೂಲ ಪ್ರತಿಯಲ್ಲಿ ಇದು ಹೀಗೆಯೇ ಇರತಕ್ಕದ್ದು. ವೀಕ್ಷಣಾ ಪ್ರತಿಯಲ್ಲಿ ಮಾತ್ರ ಸರಿಪಡಿಸತಕ್ಕದ್ದು.

ಅಡ್ಡ ಪಟ್ಟೆಯಂತೆ ಗದ್ದಲ ಮೂಡುವುದು: ವಿ.ಸಿ.ಆರ್.ನ ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನವಾಗಿ ಹೊಂದಿಸತಕ್ಕದ್ದು.

ಕೈಬಿಟ್ಟ ಚೌಕಟ್ಟುಗಳ ಸಂಖ್ಯೆ ಏರುತ್ತಲೇ ಇರುವುದು: ಡಿಸ್ಕಿನ ವೇಗ, ಹಿನ್ನೆಲೆಯ ಇತರ ತಂತ್ರಾಂಶಗಳು ಮತ್ತು ಟೇಪಿನ ಕಾಲಾವಧಿ ಏರುಪೇರು, ಈ ಮೂರನ್ನೂ ಕ್ರಮವಾಗಿ ಪರಿಶೀಲಿಸತಕ್ಕದ್ದು.

10. ಪ್ರತಿಗಳ ಸಂರಕ್ಷಣೆ

ಪ್ರತಿ ಕ್ಯಾಸೆಟ್‌ಗೆ ಎರಡು ಬಗೆಯ ಪ್ರತಿಗಳನ್ನು ಇಟ್ಟುಕೊಳ್ಳತಕ್ಕದ್ದು. ಮೊದಲನೆಯದು ನಷ್ಟರಹಿತ ರೂಪದ ಮೂಲ ಪ್ರತಿ. ಇದನ್ನು ಕತ್ತರಿಸಬಾರದು, ಬಣ್ಣ ತಿದ್ದಬಾರದು, ಹಾಡು ಸೇರಿಸಬಾರದು. ಎರಡನೆಯದು ಮನೆಮಂದಿ ನೋಡುವುದಕ್ಕಾಗಿ ಮೂಲ ಪ್ರತಿಯಿಂದ ತಯಾರಿಸಿದ ಎಚ್.264 ರೂಪದ ವೀಕ್ಷಣಾ ಪ್ರತಿ. ಇದರ ಪ್ರದರ್ಶನ ಪ್ರಮಾಣ 4:3 ಎಂದು ನಮೂದಿಸತಕ್ಕದ್ದು. ಅಗಲ ಪರದೆಗೆ ಎಳೆದಲ್ಲಿ ಮುಖಗಳು ಅಗಲವಾಗಿ ಕಾಣುತ್ತವೆ.

ಮೂಲ ಪ್ರತಿಯನ್ನು ಕನಿಷ್ಠ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿರಿಸಿ, ಒಂದನ್ನು ಬೇರೆ ಮನೆಯಲ್ಲಿಡುವುದು ಸೂಕ್ತ. ಕಡತದ ಹೆಸರಿನಲ್ಲಿ ದಿನಾಂಕ, ಸಮಾರಂಭ ಮತ್ತು ಸ್ಥಳವನ್ನು ನಮೂದಿಸಿ, ಚಿತ್ರದಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು. ಗುರುತು ಹಿಡಿಯುವವರು ಇರುವಾಗಲೇ ಈ ಕಾರ್ಯ ಆಗಬೇಕು.

ಡಿಜಿಟಲೀಕರಣದ ನಂತರವೂ ಕ್ಯಾಸೆಟ್‌ನ್ನು ಎಸೆಯಬಾರದು. ಪೂರ್ಣವಾಗಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ತಂಪಾದ ಒಣ ಸ್ಥಳದಲ್ಲಿ, ಧ್ವನಿವರ್ಧಕದಂತಹ ಆಯಸ್ಕಾಂತವುಳ್ಳ ವಸ್ತುಗಳಿಂದ ದೂರವಿಡತಕ್ಕದ್ದು.

11. ದಾಖಲೆಯಾಗಿ ಸಲ್ಲಿಸುವ ಸಂದರ್ಭದಲ್ಲಿ

ಕ್ಯಾಸೆಟ್‌ನ ಡಿಜಿಟಲ್ ಪ್ರತಿಯನ್ನು ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣವು ಅನ್ವಯವಾಗುತ್ತದೆ. ಇದು 1872ರ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣದ ಸ್ಥಾನದಲ್ಲಿ ಬಂದಿದೆ. ವಿದ್ಯುನ್ಮಾನ ದಾಖಲೆಯೊಂದಿಗೆ ಅನುಸೂಚಿಯಲ್ಲಿ ಗೊತ್ತುಪಡಿಸಿದ ನಮೂನೆಯ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗಿದ್ದು, ಅದರ ಭಾಗ ಎ ಅನ್ನು ಪಕ್ಷಕಾರರೂ ಭಾಗ ಬಿ ಅನ್ನು ತಜ್ಞರೂ ಭರ್ತಿ ಮಾಡಬೇಕಾಗಿರುತ್ತದೆ.

ಈ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಮೌಲ್ಯವು ಕಡತದ ಬೆರಳಚ್ಚಿನಂತಿದ್ದು, ಕಡತದ ಒಂದು ಅಂಶ ಬದಲಾದರೂ ಮೌಲ್ಯವು ಬದಲಾಗುತ್ತದೆ. ಆದ್ದರಿಂದ ಸೆರೆಹಿಡಿದ ದಿನವೇ ಎಸ್‌ಎಚ್‌ಎ-256 ವಿಧಾನದ ಮೌಲ್ಯವನ್ನು ಲೆಕ್ಕಹಾಕಿ, ದಿನಾಂಕ, ಬಳಸಿದ ವಿ.ಸಿ.ಆರ್., ಕಾರ್ಡ್ ಮತ್ತು ತಂತ್ರಾಂಶದ ವಿವರಗಳೊಂದಿಗೆ ಬರೆದಿಟ್ಟುಕೊಳ್ಳತಕ್ಕದ್ದು. ಮೂಲ ಕ್ಯಾಸೆಟ್‌ನ್ನು ಸುರಕ್ಷಿತವಾಗಿ ಕಾಯ್ದಿರಿಸಿ, ಪ್ರಕರಣದ ಬಗ್ಗೆ ನ್ಯಾಯವಾದಿಗಳ ಸಲಹೆ ಪಡೆಯತಕ್ಕದ್ದು.

ಇಲ್ಲಿನ ಮಾಹಿತಿಯು ನಾಗರಿಕರ ಸ್ವಂತ ಚಿತ್ರಣಗಳಿಗೆ ಸಂಬಂಧಿಸಿದ್ದಾಗಿದೆ. ಮಾರಾಟದ ಚಲನಚಿತ್ರ ಕ್ಯಾಸೆಟ್‌ಗಳಿಗೆ ಕೃತಿಸ್ವಾಮ್ಯ ಅಧಿನಿಯಮ, 1957 ಅನ್ವಯವಾಗುತ್ತದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಈ ಕಾರ್ಯ ಸಾಧ್ಯವೇ?
ಉತ್ತರ: ಸಾಧ್ಯ. ಯು.ಎಸ್.ಬಿ. ಬಗೆಯ ಕ್ಯಾಪ್ಚರ್ ಸಾಧನವನ್ನು ಬಳಸಬಹುದು. ಸಂಕುಚನವಿಲ್ಲದ ಚಿತ್ರವನ್ನು ಗಣಕಯಂತ್ರಕ್ಕೆ ನೀಡುವ ಸಾಧನವನ್ನೇ ಆರಿಸತಕ್ಕದ್ದು.

ಪ್ರಶ್ನೆ: ಅಮೆರಿಕದಲ್ಲಿರುವ ಬಂಧುಗಳು ಕಳುಹಿಸಿದ ಕ್ಯಾಸೆಟ್ ಸರಿಯಾಗಿ ಕಾಣುತ್ತಿಲ್ಲ. ಕಾರಣವೇನು?
ಉತ್ತರ: ಅಲ್ಲಿನ ಕ್ಯಾಸೆಟ್‌ಗಳು 525 ಗೆರೆಗಳ ಎನ್‌ಟಿಎಸ್‌ಸಿ ಪದ್ಧತಿಯವು. ಎರಡೂ ಪದ್ಧತಿಗಳನ್ನು ಚಲಾಯಿಸಬಲ್ಲ ವಿ.ಸಿ.ಆರ್. ಬಳಸಬೇಕು. ಅದು ಎನ್‌ಟಿಎಸ್‌ಸಿ ಸಂಕೇತವನ್ನು ಇದ್ದಂತೆಯೇ ಹೊರಕೊಡುವಲ್ಲಿ ತಂತ್ರಾಂಶದಲ್ಲಿ 720×480 ಅಳತೆ ಮತ್ತು ಸೆಕೆಂಡಿಗೆ 29.97 ಚೌಕಟ್ಟುಗಳನ್ನು ಆರಿಸತಕ್ಕದ್ದು.

ಪ್ರಶ್ನೆ: ಟಿ.ವಿ. ಪರದೆಯನ್ನು ಮೊಬೈಲ್‌ನಿಂದ ಚಿತ್ರೀಕರಿಸಿಕೊಂಡರೆ ಸಾಲದೇ?
ಉತ್ತರ: ಸಾಲದು. ಪರದೆಯ ಮಿನುಗು, ಪ್ರತಿಬಿಂಬ ಮತ್ತು ಕೋಣೆಯ ಸದ್ದು ಶಾಶ್ವತವಾಗಿ ಸೇರಿಕೊಳ್ಳುತ್ತವೆ. ಟೇಪಿನ ಒಂದು ಚಾಲನೆಯೂ ವ್ಯರ್ಥವಾಗುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಮಾಡಿಸುವುದಾದರೆ ಏನು ಕೇಳಬೇಕು?
ಉತ್ತರ: ಡಿ.ವಿ.ಡಿ. ಬದಲಿಗೆ ನಷ್ಟರಹಿತ ಕಡತವನ್ನೇ ಕೇಳತಕ್ಕದ್ದು. ಡಿ.ವಿ.ಡಿ.ಯಲ್ಲಿ ಚಿತ್ರವು ಹೆಚ್ಚು ಸಂಕುಚಿತವಾಗಿರುತ್ತದೆ. ಕ್ಯಾಸೆಟ್‌ಗಳ ಸಂಖ್ಯೆ ನಮೂದಿಸಿದ ರಸೀದಿ ಪಡೆದು, ಮೂಲ ಕ್ಯಾಸೆಟ್‌ಗಳನ್ನು ಮರಳಿ ಪಡೆಯತಕ್ಕದ್ದು.

ಪ್ರಶ್ನೆ: ಅನೇಕ ಕ್ಯಾಸೆಟ್‌ಗಳಿದ್ದಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು?
ಉತ್ತರ: ಬೇರೆಲ್ಲಿಯೂ ಪ್ರತಿ ಇಲ್ಲದ ಮತ್ತು ಹೆಚ್ಚು ಹಳೆಯದಾದ ಕ್ಯಾಸೆಟ್‌ಗಳಿಗೆ ಆದ್ಯತೆ ನೀಡತಕ್ಕದ್ದು. ಆದರೆ ಕಾರ್ಯವಿಧಾನ ಕೈವಶವಾಗುವವರೆಗೆ ಕಡಿಮೆ ಮಹತ್ವದ ಒಂದೆರಡು ಕ್ಯಾಸೆಟ್‌ಗಳಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಕ್ಷೇಮಕರ.